ಕುದುರೆ ದಳದ ಅಜ್ಜ, ಪೆನ್ಷನ್ ಕಚೇರಿಯ ಕಡತ

ಅಮೆರಿಕದ ಅಂತರ್ಯುದ್ಧ (1861–65) ಮುಗಿದು ನೂರರುವತ್ತು ವರ್ಷವಾಯಿತು. ಅದರಲ್ಲಿ ಕುದುರೆ ಏರಿದವರ ಮರಿಮೊಮ್ಮಕ್ಕಳು ಈಗ ನಮ್ಮವರ ಅಳಿಯಂದಿರು, ಸೊಸೆಯರು, ಬೀಗರು. ಹಾಗಾಗಿ ಮನೆತನ ಹುಡುಕುವ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಶಾನುಭೋಗರ ದಫ್ತರಗಳ ಜತೆಗೆ ಓಹಾಯೊ, ಕೆಂಟಕಿಗಳ ಅಶ್ವದಳಗಳೂ ಸೇರಿಕೊಂಡಿವೆ. ಈ ಸಲ ಅವನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರ ಹೆಸರನ್ನೂ ಅವರ ಪೂರ್ವಜರ ಹೆಸರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಮೈಸೂರಿನವಳು. ಈಗ ಓಹಾಯೊದ ಕೊಲಂಬಸ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಅಳಿಯಂದಿರು ಇಲ್ಲಿಯವರೇ. ಅವರ ತಾತನ ತಾತ ಸಿವಿಲ್ ವಾರ್ ಕಾಲದಲ್ಲಿ ಓಹಾಯೊ ಕ್ಯಾವಲ್ರಿಯಲ್ಲಿದ್ದರಂತೆ. ಮೊಮ್ಮಗಳಿಗೆ ಶಾಲೆಯಲ್ಲಿ ಮನೆತನದ ಬಗ್ಗೆ ಬರೆಯಲು ಹೇಳಿದ್ದಾರೆ. ಅಳಿಯಂದಿರಿಗೆ ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲ. ನೆಟ್‌ನಲ್ಲಿ ಹುಡುಕಿದರೆ ಅದೇ ಹೆಸರಿನವರು ಎಷ್ಟೋ ಜನ. ಎಲ್ಲಿಂದ ಶುರು ಮಾಡಲಿ? ಇಂಗ್ಲಿಷ್ ಓದುತ್ತೇನೆ, ಹಳೆಯ ಕೈಬರಹ ಮಾತ್ರ ಕಷ್ಟ.

ಉತ್ತರ: ಅಮ್ಮಾ, ಯುದ್ಧದಿಂದ ಶುರು ಮಾಡಬೇಡಿ. ಸಾವಿನಿಂದ ಶುರು ಮಾಡಿ. ಆ ಅಜ್ಜ ಯಾವ ಕೌಂಟಿಯಲ್ಲಿ, ಯಾವ ವರ್ಷ ತೀರಿಕೊಂಡರು, ಎಲ್ಲಿ ಮಣ್ಣಾದರು ಎನ್ನುವುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಅಲ್ಲಿಂದ ಜನಗಣತಿ ಹಿಡಿದು ಹಿಂದಕ್ಕೆ ನಡೆಯಿರಿ: 1900, 1880, 1870, 1860. ಯುದ್ಧಕ್ಕೆ ಮುಂಚಿನ 1860ರ ಗಣತಿಯಲ್ಲಿ ಅವರ ಮನೆ ಯಾವ ಕೌಂಟಿಯಲ್ಲಿತ್ತು ಎಂದು ಗೊತ್ತಾದರೆ ಅರ್ಧ ಗೊಂದಲ ಕಳೆದಂತೆ. ಆಗ ಪಡೆ ಕಟ್ಟುತ್ತಿದ್ದದ್ದು ಊರೂರಿನಲ್ಲೇ. ಅಕ್ಕಪಕ್ಕದ ಹಳ್ಳಿಗಳ ಹುಡುಗರು, ಅಣ್ಣತಮ್ಮಂದಿರು, ಭಾವ ಮೈದುನರು ಒಂದೇ ಕಂಪನಿಗೆ ಸೇರುತ್ತಿದ್ದರು. ಅಂಥ ಹನ್ನೆರಡು ಕಂಪನಿಗಳು ಸೇರಿದರೆ ಒಂದು ಅಶ್ವದಳದ ರೆಜಿಮೆಂಟ್. ಆದ್ದರಿಂದ ರೆಜಿಮೆಂಟಿನ ಸಂಖ್ಯೆಗಿಂತ ಕಂಪನಿಯ ಅಕ್ಷರ ನಿಮಗೆ ಮುಖ್ಯ. ಎ ಇಂದ ಎಂ ವರೆಗೆ ಇರುತ್ತದೆ, ನಡುವೆ ಜೆ ಇರುವುದಿಲ್ಲ.

ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಸೈನಿಕರ ಪಟ್ಟಿಯಲ್ಲಿ 63 ಲಕ್ಷ ನಮೂದುಗಳಿವೆ. ಅಷ್ಟು ಜನ ಕಾದಾಡಿದರು ಎಂದಲ್ಲ. ಒಬ್ಬನೇ ಎರಡು ರೆಜಿಮೆಂಟಿನಲ್ಲಿದ್ದರೆ, ಗುಮಾಸ್ತ ಹೆಸರನ್ನು ಎರಡು ತರಹ ಬರೆದಿದ್ದರೆ, ಪ್ರತಿಯೊಂದೂ ಬೇರೆ ನಮೂದು. ನಿಮಗೆ ಸಿಕ್ಕ ಗುಂಪಿನಲ್ಲಿ ಒಬ್ಬರೇ ಮೂರು ಸಲ ಬಂದಿರಬಹುದು. ಓಹಾಯೊದವರಿಗೆ ಎರಡು ಅನುಕೂಲಗಳುಂಟು. ರಾಜ್ಯ ಸರ್ಕಾರವೇ 1886ರಿಂದ 1895ರ ನಡುವೆ ತನ್ನ ಸೈನಿಕರ ಪಟ್ಟಿಯನ್ನು ಹನ್ನೆರಡು ಸಂಪುಟಗಳಲ್ಲಿ ಕಂಪನಿವಾರು ಅಚ್ಚು ಹಾಕಿಸಿತು. ಎರಡನೆಯದು 1890ರ ಮಾಜಿ ಸೈನಿಕರ ವಿಶೇಷ ಗಣತಿ. ಆ ವರ್ಷದ ಸಾಮಾನ್ಯ ಜನಗಣತಿಯ ಬಹುಪಾಲು 1921ರ ಬೆಂಕಿಯಿಂದಾಗಿ ನಾಶವಾಯಿತು. ಸೈನಿಕರ ಪಟ್ಟಿಯಲ್ಲಿ ಮಾತ್ರ, ರಾಜ್ಯಗಳನ್ನು ಅಕ್ಷರಕ್ರಮದಲ್ಲಿ ಇಟ್ಟರೆ ಕೆಂಟಕಿಯ ಅರ್ಧದಿಂದ ಮುಂದಿನದು ಉಳಿದಿದೆ. ಓಹಾಯೊ ಅದರಲ್ಲಿದೆ; ಇಲಿನಾಯ್, ಇಂಡಿಯಾನಾದವರಿಗೆ ಆ ಅದೃಷ್ಟವಿಲ್ಲ.

ಆಳು ಇವರೇ ಎಂದು ಖಾತ್ರಿಯಾದ ಮೇಲೆ ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್‌ಗೆ ಎರಡು ಅರ್ಜಿ. ಸೇವಾ ದಾಖಲೆಗೆ ಫಾರಂ 86, ಪೆನ್ಷನ್ ಕಡತಕ್ಕೆ ಫಾರಂ 85. ಎರಡಕ್ಕೂ ಶುಲ್ಕವಿದೆ, ಪೆನ್ಷನ್ನಿನದು ಹೆಚ್ಚು. ಒಂದಕ್ಕೇ ದುಡ್ಡು ಹಾಕುವುದಾದರೆ ಕಣ್ಣುಮುಚ್ಚಿ ಪೆನ್ಷನ್ ಕಡತ ತರಿಸಿ. ಸೇವಾ ದಾಖಲೆ ಎಂದರೆ ಹಾಜರಿ ಪಟ್ಟಿಯಿಂದ ಎತ್ತಿ ಬರೆದ ಕೆಲವು ಕಾರ್ಡುಗಳು: ಬಂದ, ಇದ್ದ, ಆಸ್ಪತ್ರೆಯಲ್ಲಿದ್ದ, ಹೋದ. ಪೆನ್ಷನ್ ಕಡತದಲ್ಲಿ ಮನುಷ್ಯ ಬಾಯಿ ಬಿಟ್ಟು ಮಾತಾಡುತ್ತಾನೆ. ಯಾವ ಊರಿನಲ್ಲಿ ಕುದುರೆ ಒದ್ದಿತು, ಆಗ ಪಕ್ಕದಲ್ಲಿ ಯಾರಿದ್ದರು, ಈಗ ಎಷ್ಟು ಹೊತ್ತು ಉಳುಮೆ ಮಾಡಲು ಸಾಧ್ಯ, ಎಲ್ಲವೂ ಪ್ರಮಾಣ ಮಾಡಿ ಹೇಳಿದ್ದು. ಅದಕ್ಕೆ ಜತೆಗಾರರ ಸಾಕ್ಷಿ, ನೆರೆಯವರ ಸಾಕ್ಷಿ, ಸರ್ಕಾರಿ ವೈದ್ಯರ ತಪಾಸಣೆ. ಅಶ್ವದಳದವರ ಕಡತಗಳಲ್ಲಿ ಮೂಲವ್ಯಾಧಿ, ಅಂಡವಾಯು ಮತ್ತೆ ಮತ್ತೆ ಬರುತ್ತವೆ. ವರ್ಷಗಟ್ಟಲೆ ಜೀನಿನ ಮೇಲೆ ಕೂತವರ ಕಾಯಿಲೆ ಅದು. ಮೊಮ್ಮಗಳ ಪ್ರಬಂಧಕ್ಕೆ ಅದನ್ನು ಹಾಕುವುದೋ ಬಿಡುವುದೋ ನಿಮಗೆ ಬಿಟ್ಟಿದ್ದು. ಹಣಕ್ಕಾಗಿ ಹಾಕಿದ ಅರ್ಜಿಯಾದ್ದರಿಂದ ಯಾರೂ ತಮ್ಮ ಕಷ್ಟವನ್ನು ಕಡಿಮೆ ಮಾಡಿ ಹೇಳಿರುವುದಿಲ್ಲ ಎಂಬುದೂ ನೆನಪಿರಲಿ.

ಸರ್ಕಾರ 1898ರಲ್ಲಿ, ಮತ್ತೆ 1915ರಲ್ಲಿ ಪೆನ್ಷನ್‌ದಾರರಿಗೆ ಒಂದು ಪ್ರಶ್ನಾವಳಿ ಕಳಿಸಿತ್ತು: ಹೆಂಡತಿಯ ತವರಿನ ಹೆಸರೇನು, ಮದುವೆ ಎಲ್ಲಿ, ಯಾರು ಮಾಡಿಸಿದರು, ಮಕ್ಕಳು ಯಾವಾಗ ಹುಟ್ಟಿದರು. ಶಾಲೆಯ ಪ್ರಬಂಧಕ್ಕೆ ಆ ಒಂದೆರಡು ಹಾಳೆಯೇ ಸಾಕು. ಕೆಲವು ವಿಧವೆಯರು ಮದುವೆ, ಜನನಗಳ ರುಜುವಾತಿಗೆ ಮನೆಯ ಬೈಬಲ್ಲಿನಿಂದ ಹಾಳೆ ಹರಿದು ಕಳಿಸಿದ್ದುಂಟು. ಅವೂ ಕಡತದಲ್ಲೇ ಇವೆ. ಕೈಬರಹದ ಬಗ್ಗೆ ಒಂದು ಉಪಾಯ: ಕಡತವನ್ನು ಕೊನೆಯಿಂದ ಓದಿ. ಇಪ್ಪತ್ತನೇ ಶತಮಾನದ ಕಾಗದಗಳಲ್ಲಿ ಟೈಪ್ ಮಾಡಿದ್ದು ಹೆಚ್ಚು. ಊರು, ಜನರ ಹೆಸರುಗಳು ಅಲ್ಲಿ ಪರಿಚಯವಾದರೆ 1870ರ ದಶಕದ ಗೀಚು ಅಷ್ಟು ಕಾಡುವುದಿಲ್ಲ.

ಪ್ರಶ್ನೆ: ನನ್ನ ಗಂಡನ ಪೂರ್ವಜರೊಬ್ಬರು ಒಂದನೇ ನ್ಯೂಜೆರ್ಸಿ ಅಶ್ವದಳದಲ್ಲಿದ್ದರು. ಸೇವಾ ಕಾರ್ಡು ಸಿಕ್ಕಿದೆ. ಆ ರೆಜಿಮೆಂಟ್ ಬ್ರ್ಯಾಂಡಿ ಸ್ಟೇಷನ್ನಿನ ಪ್ರಸಿದ್ಧ ಕಾಳಗದಲ್ಲಿತ್ತು ಎಂದು ಓದಿದೆ. ಹಾಗಾದರೆ ಇವರೂ ಅಲ್ಲಿ ಹೋರಾಡಿದರು ಎಂದು ವಂಶವೃಕ್ಷದಲ್ಲಿ ಬರೆಯಬಹುದಲ್ಲವೇ? – ಎಡಿಸನ್, ನ್ಯೂಜೆರ್ಸಿ

ಉತ್ತರ: ಸದ್ಯಕ್ಕೆ ಬರೆಯಬೇಡಿ. ಬ್ರ್ಯಾಂಡಿ ಸ್ಟೇಷನ್ ಕಾಳಗ ನಡೆದದ್ದು 1863ರ ಜೂನ್ 9ರಂದು, ವರ್ಜೀನಿಯಾದಲ್ಲಿ. ಎರಡೂ ಕಡೆ ಸೇರಿ ಸುಮಾರು ಇಪ್ಪತ್ತು ಸಾವಿರ ಜನ, ಬಹುಪಾಲು ಕುದುರೆ ಸವಾರರು. ಉತ್ತರ ಅಮೆರಿಕದ ನೆಲದಲ್ಲಿ ನಡೆದ ಅತಿ ದೊಡ್ಡ ಅಶ್ವದಳ ಕಾಳಗ ಅದು. ನಿಮ್ಮ ರೆಜಿಮೆಂಟ್ ಫ್ಲೀಟ್‌ವುಡ್ ಗುಡ್ಡದ ಮೇಲಿನ ನೂಕಾಟದಲ್ಲಿತ್ತು ಎನ್ನುವುದೂ ನಿಜ. ಆದರೆ ಕಾಗದದ ಮೇಲೆ ಸಾವಿರ ಜನರಿದ್ದ ರೆಜಿಮೆಂಟಿನಲ್ಲಿ ಒಂದು ದಿನ ಜೀನು ಬಿಗಿದು ಹೊರಡುತ್ತಿದ್ದವರು ಅದರ ಅರ್ಧವೂ ಇರುತ್ತಿರಲಿಲ್ಲ. ಯಾವುದೋ ಕಂಪನಿ ಜನರಲ್‌ಗಳ ಬೆಂಗಾವಲಿಗೆ ಹೋಗಿರುತ್ತಿತ್ತು. ಕೆಲವರು ಬೇಧಿಯಿಂದ ಆಸ್ಪತ್ರೆಯಲ್ಲಿ. ಇನ್ನು ಕುದುರೆ ಸತ್ತವರು, ಕುಂಟಿದವರು ಹೊಸ ಕುದುರೆ ಬರುವವರೆಗೆ ಹಿಂದಿನ ಶಿಬಿರದಲ್ಲಿ ಕಾಯುತ್ತ ಕೂರಬೇಕಿತ್ತು. ಆ ವರ್ಷದ ಏಪ್ರಿಲ್ ಕೊನೆಯಿಂದ ಉತ್ತರದ ಜನರಲ್ ಸ್ಟೋನ್‌ಮನ್ ನಡೆಸಿದ ದಾಳಿಯಲ್ಲಿ ಉತ್ತರದವರ ಕುದುರೆಗಳು ಬಳಲಿ ಬೆಂಡಾಗಿದ್ದವು.

ಹಾಜರಿ ಎರಡು ತಿಂಗಳಿಗೊಮ್ಮೆ. ನಿಮ್ಮ ಬಳಿಯಿರುವ ಕಾರ್ಡುಗಳಲ್ಲಿ ಮೇ–ಜೂನ್ 1863ರದ್ದನ್ನು ತೆಗೆದು ಕೆಳಗಿನ ಷರಾ ಓದಿ. ‘ಹಾಜರ್’ ಎಂದಷ್ಟೇ ಇದ್ದರೆ ಜೂನ್ 30ರಂದು ಇದ್ದರು ಎಂದರ್ಥ, 9ರಂದು ಇದ್ದರು ಎಂದಲ್ಲ. ಗಾಯಗೊಂಡದ್ದು, ಸೆರೆಸಿಕ್ಕಿದ್ದು, ಕುದುರೆ ಕಳೆದುಕೊಂಡದ್ದು ತಾರೀಖಿನ ಸಮೇತ ಇದ್ದರೆ ಖಾತ್ರಿ. ಅದೂ ಇಲ್ಲದಿದ್ದರೆ ಪೆನ್ಷನ್ ಕಡತದ ಜತೆಗಾರರ ಸಾಕ್ಷಿಗಳೇ ಗತಿ. ರೆಜಿಮೆಂಟ್ ಯಾವ ದಿನ ಎಲ್ಲಿತ್ತು ಎನ್ನುವುದಕ್ಕೆ 1908ರಲ್ಲಿ ಬಂದ ಡಯರ್ ಅವರ ಕಂಪೆಂಡಿಯಂ ಸಾಕು. ಅಧಿಕಾರಿಗಳ ವರದಿ ಬೇಕಿದ್ದರೆ ಸರ್ಕಾರ ಅಚ್ಚು ಹಾಕಿಸಿದ 128 ಪುಸ್ತಕಗಳ ಯುದ್ಧ ದಾಖಲೆಯಿದೆ, ನೆಟ್‌ನಲ್ಲಿ ಉಚಿತ. ಎರಡರಲ್ಲೂ ಸಾಮಾನ್ಯ ಸವಾರನ ಹೆಸರು ಹುಡುಕಬೇಡಿ.

ಪ್ರಶ್ನೆ: ಸೊಸೆಯ ತವರಿನಲ್ಲಿ ಅಂಗೈಯಗಲದ ಲೋಹದ ತಗಡಿನ ಮೇಲೆ ಒಂದು ಹಳೆಯ ಫೋಟೊ ಇದೆ. ಸಮವಸ್ತ್ರದ ಯುವಕ, ಟೊಪ್ಪಿಗೆಯಲ್ಲಿ ಅಡ್ಡಕತ್ತಿಗಳ ಗುರುತು. ಕತ್ತಿ ಬಲಗಡೆ ನೇತಾಡುತ್ತಿದೆ. ‘ನಮ್ಮ ಅಜ್ಜ ಎಡಚ’ ಎಂದು ಬೀಗರು ಹೇಳುತ್ತಾರೆ. ನಿಜವಿರಬಹುದೇ? ಯಾವ ರೆಜಿಮೆಂಟ್ ಎಂದು ಫೋಟೊದಿಂದ ಗೊತ್ತಾಗುತ್ತದೆಯೇ? – ಗ್ರ್ಯಾಂಡ್ ರ್‍ಯಾಪಿಡ್ಸ್, ಮಿಷಿಗನ್

ಉತ್ತರ: ಬೀಗರ ಮನಸ್ಸಿಗೆ ನೋವಾಗದಂತೆ ಹೇಳಿ: ಅಜ್ಜ ಬಹುಶಃ ಬಲಗೈಯವರೇ. ನೀವು ವರ್ಣಿಸಿದ್ದು ಟಿನ್‌ಟೈಪ್. ಕ್ಯಾಮೆರಾದೊಳಗಿನ ತಗಡೇ ಫೋಟೊ ಆಗುವುದರಿಂದ ಬಿಂಬ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಎಡ ಸೊಂಟದ ಕತ್ತಿ ಬಲಕ್ಕೆ ಬರುತ್ತದೆ. ಜಾಕೆಟ್ಟಿನ ಗುಂಡಿಗಳನ್ನು ನೋಡಿ, ಅವೂ ಹೆಂಗಸರ ಅಂಗಿಯಂತೆ ಅದಲುಬದಲಾಗಿದ್ದರೆ ಸಂಶಯ ಬೇಡ. ಟೊಪ್ಪಿಗೆಯ ಅಡ್ಡಕತ್ತಿಗಳ ಮೇಲೆ ಹಿತ್ತಾಳೆಯ ಅಂಕಿ ಇದ್ದರೆ ಅದು ರೆಜಿಮೆಂಟ್, ಕೆಳಗೆ ಅಕ್ಷರ ಇದ್ದರೆ ಕಂಪನಿ. ಫೋಟೊವನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಅಡ್ಡಕ್ಕೆ ತಿರುಗಿಸಿ ಓದಿ.

ಬಣ್ಣದ ವಿಚಾರದಲ್ಲೂ ಮೋಸ ಹೋಗಬೇಡಿ. ಅಶ್ವದಳದ ಜಾಕೆಟ್ಟಿನ ಅಂಚುಪಟ್ಟಿ ಹಳದಿ. ಆ ಕಾಲದ ರಾಸಾಯನಿಕಕ್ಕೆ ನೀಲಿ ಬೆಳಕಷ್ಟೇ ಚೆನ್ನಾಗಿ ತಾಗುತ್ತಿದ್ದುದರಿಂದ ಹಳದಿ ಪಟ್ಟಿ ಫೋಟೊದಲ್ಲಿ ಕಪ್ಪಾಗಿಯೂ ತಿಳಿನೀಲಿ ಷರಾಯಿ ಬೆಳ್ಳಗೂ ಕಾಣುತ್ತದೆ. ಪಟ್ಟಿ ಕಪ್ಪಗಿದೆ, ಆದ್ದರಿಂದ ಅಶ್ವದಳವಲ್ಲ ಎಂದು ಹೇಳುವವರನ್ನು ನಂಬಬೇಡಿ. ಕೈಯಲ್ಲಿ ಪಿಸ್ತೂಲು, ಸೊಂಟದಲ್ಲಿ ಇನ್ನೊಂದು ಪಿಸ್ತೂಲು ಇದ್ದರೆ ಅವು ಸ್ಟುಡಿಯೊದವನವೂ ಆಗಿರಬಹುದು. ಮದುವೆಗೆ ಮುಂಚೆ ಊರ ಸ್ಟುಡಿಯೊದ ಕೋಟು ಹಾಕಿಕೊಂಡು ಫೋಟೊ ತೆಗೆಸಿಕೊಂಡ ನಮ್ಮ ಅಜ್ಜಂದಿರು ಇಲ್ಲವೇ, ಹಾಗೆ.

ಮನೆಯಲ್ಲಿ ರಟ್ಟಿಗೆ ಅಂಟಿಸಿದ ಕಾಗದದ ಸಣ್ಣ ಫೋಟೊಗಳೂ ಇದ್ದರೆ ಹಿಂಬದಿ ನೋಡಿ. ಯುದ್ಧದ ಖರ್ಚಿಗೆಂದು 1864ರ ಸೆಪ್ಟೆಂಬರ್ 1ರಿಂದ 1866ರ ಆಗಸ್ಟ್ 1ರವರೆಗೆ ಫೋಟೊಗಳಿಗೂ ತೆರಿಗೆ ಇತ್ತು. ತೆರಿಗೆ ಚೀಟಿ ಅಂಟಿಸಿದ್ದರೆ ಫೋಟೊದ ಕಾಲ ಅಷ್ಟರೊಳಗೇ. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿರುವ ಸೇನೆಯ ಪರಂಪರಾ ಕೇಂದ್ರದಲ್ಲಿ ಅಂತರ್ಯುದ್ಧದ ಫೋಟೊಗಳ ದೊಡ್ಡ ಸಂಗ್ರಹವಿದೆ, ರೆಜಿಮೆಂಟ್ ಗೊತ್ತಾದ ಮೇಲೆ ಅಲ್ಲಿ ಕೇಳಿ.

ಪ್ರಶ್ನೆ: ನಮ್ಮ ಮಗ ನಾರ್ತ್ ಕ್ಯಾರೊಲಿನಾದ ರಾಲಿಯಲ್ಲಿದ್ದಾನೆ. ಸೊಸೆಯ ಹಿರೀಕರು ದಕ್ಷಿಣದ ಪರವಾಗಿ, ಸ್ವಂತ ಕುದುರೆ ತೆಗೆದುಕೊಂಡು ಹೋಗಿ ಹೋರಾಡಿದರಂತೆ. ಸ್ವಂತ ಕುದುರೆ ಎಂದರೆ ಜಮೀನ್ದಾರರೇ? ಸೊಸೆಗೆ ಈ ವಿಷಯ ಎತ್ತಿದರೆ ಸಂಕೋಚ. ಮೊಮ್ಮಗನಿಗೆ ಹೇಳುವುದೇ ಬೇಡವೇ ಎಂಬುದು ನನ್ನ ಪ್ರಶ್ನೆ. – ತುಮಕೂರು

ಉತ್ತರ: ದಕ್ಷಿಣದ ಸೇನೆಯಲ್ಲಿ ಕುದುರೆ ತರಬೇಕಾದ್ದು ಸವಾರನೇ. ಸರ್ಕಾರ ಅದಕ್ಕೆ ದಿನಕ್ಕೆ 40 ಸೆಂಟ್ ಬಾಡಿಗೆ ಕೊಡುತ್ತಿತ್ತು. ಸೇರುವಾಗ ಕುದುರೆಗೂ ಜೀನು ಲಗಾಮಿಗೂ ಬೆಲೆ ಕಟ್ಟಿ ಬರೆದುಕೊಳ್ಳುತ್ತಿದ್ದರು. ಹೀಗಾಗಿ ಎಷ್ಟೋ ಸೇವಾ ಕಾರ್ಡುಗಳಲ್ಲಿ ಮನುಷ್ಯನ ಬಗ್ಗೆ ಎರಡು ಸಾಲಿದ್ದರೆ ಕುದುರೆಯ ಬೆಲೆ ಸ್ಪಷ್ಟವಾಗಿರುತ್ತದೆ. ಕುದುರೆ ಕಾಳಗದಲ್ಲಿ ಸತ್ತರೆ ಆ ಬೆಲೆ ಸಿಗುತ್ತಿತ್ತು. ರೋಗದಿಂದ ಸತ್ತರೆ, ಬಳಲಿ ಬಿದ್ದರೆ, ಶತ್ರು ಹಿಡಿದುಕೊಂಡು ಹೋದರೆ ನಷ್ಟ ಸವಾರನದು. ಬೇರೆ ಕುದುರೆ ತರಲಾಗದವನನ್ನು ಕಾಲಾಳು ಪಡೆಗೆ ದೂಡುತ್ತಿದ್ದರು. ಆದ್ದರಿಂದ ‘ಕುದುರೆ ತರಲು ಊರಿಗೆ ಹೋಗಿದ್ದಾನೆ’ ಎಂಬ ಷರಾ ಸಿಕ್ಕರೆ ಆಶ್ಚರ್ಯ ಬೇಡ. ಉಳುವ ಒಂದು ಕುದುರೆ ಇದ್ದ ಸಾಧಾರಣ ಬೇಸಾಯಗಾರನೂ ಅಶ್ವದಳ ಸೇರಬಹುದಾಗಿತ್ತು. ಯುದ್ಧ ಸೋತು 1865ರ ಏಪ್ರಿಲ್ 9ರಂದು ಅಪೊಮ್ಯಾಟಕ್ಸ್‌ನಲ್ಲಿ ಶರಣಾದಾಗ, ಸ್ವಂತ ಕುದುರೆ, ಹೇಸರಗತ್ತೆ ಇರುವವರು ಬೇಸಾಯಕ್ಕೆ ಅವನ್ನು ಮನೆಗೆ ಒಯ್ಯಲಿ ಎಂದು ಉತ್ತರದ ಜನರಲ್ ಗ್ರಾಂಟ್ ಒಪ್ಪಿದ್ದು ಇದೇ ಕಾರಣಕ್ಕೆ.

ಜಮೀನ್ದಾರರೋ ಅಲ್ಲವೋ ಎನ್ನುವುದಕ್ಕೆ ಊಹೆ ಬೇಕಿಲ್ಲ. 1860ರ ಗಣತಿಯಲ್ಲಿ ಅವರ ಆಸ್ತಿಯ ಮೌಲ್ಯವಿದೆ. ಅದೇ ವರ್ಷದ ಗುಲಾಮರ ಪಟ್ಟಿ ಬೇರೆಯಿದೆ: ಒಡೆಯರ ಹೆಸರು, ಕೆಳಗೆ ಗುಲಾಮರ ವಯಸ್ಸು, ಲಿಂಗ, ಬಣ್ಣ. ಗುಲಾಮರ ಹೆಸರಿಲ್ಲ. ಸೊಸೆಯ ಹಿರೀಕರ ಹೆಸರು, ಅವರ ತಂದೆಯ ಹೆಸರು ಎರಡನ್ನೂ ಆ ಪಟ್ಟಿಯಲ್ಲಿ ನೋಡಿ. ಇಪ್ಪತ್ತರ ಹುಡುಗನ ಹೆಸರಿನಲ್ಲಿ ಏನೂ ಇರಲಿಕ್ಕಿಲ್ಲ, ಅಪ್ಪನ ಹೆಸರಿನಲ್ಲಿ ಇರಬಹುದು.

ಪೆನ್ಷನ್ ಬಗ್ಗೆ ಬಹಳ ಜನ ಎಡವುತ್ತಾರೆ. ದಕ್ಷಿಣದವರಿಗೆ ವಾಷಿಂಗ್ಟನ್ ಪೆನ್ಷನ್ ಕೊಡಲಿಲ್ಲ, ಆಯಾ ರಾಜ್ಯಗಳು ಕೊಟ್ಟವು. ಅದೂ ಎಲ್ಲಿ ಹೋರಾಡಿದರೋ ಆ ರಾಜ್ಯವಲ್ಲ, ಮುಪ್ಪಿನಲ್ಲಿ ಎಲ್ಲಿದ್ದರೋ ಆ ರಾಜ್ಯ. ವರ್ಜೀನಿಯಾ 1888ರಲ್ಲಿ, ಟೆಕ್ಸಸ್ 1899ರಲ್ಲಿ ಶುರು ಮಾಡಿತು. ಅಜ್ಜ ಟೆಕ್ಸಸ್‌ಗೆ ವಲಸೆ ಹೋಗಿದ್ದರೆ ಅಲ್ಲಿ ಹುಡುಕಬೇಕು. ಸ್ಮಶಾನದಲ್ಲಿ ಸರ್ಕಾರಿ ಕಲ್ಲು ಇದ್ದರೆ ದೂರದಿಂದಲೇ ಪಕ್ಷ ತಿಳಿಯುತ್ತದೆ: ಉತ್ತರದವರದು ಗುಂಡು ತಲೆ, ಒಳಗೆ ಗುರಾಣಿ, ದಕ್ಷಿಣದವರದು ಚೂಪು ತಲೆ.

ಇನ್ನು ಮೊಮ್ಮಗನಿಗೆ ಹೇಳಬೇಕೇ ಎಂದರೆ, ಹೇಳಿ. ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟದ್ದು ಗುಲಾಮಗಿರಿ ಉಳಿಸಿಕೊಳ್ಳಲು. ಮಿಸಿಸಿಪಿ, ಟೆಕ್ಸಸ್‌ನಂಥವು ತಮ್ಮ ಘೋಷಣೆಗಳಲ್ಲೇ ಅದನ್ನು ಬರೆದುಕೊಂಡಿವೆ. ಆ ಹುಡುಗ ಯಾವ ಕಾರಣಕ್ಕೆ ಸೇರಿದನೋ, ಅವನು ಕಾದಿದ್ದು ಅದಕ್ಕಾಗಿಯೇ. ಸೊಸೆಯ ಸಂಕೋಚ ಒಳ್ಳೆಯ ಲಕ್ಷಣ, ನನಗೆ ಬರುವ ಪತ್ರಗಳಲ್ಲಿ ಹೆಮ್ಮೆಯೇ ಹೆಚ್ಚು. ಆದರೆ ಮಾತು ಅವಳಿಂದಲೇ ಬರಲಿ. ಮಾವನವರು ಮೊದಲು ಎತ್ತಿದರೆ ಬೇರೆ ಅರ್ಥ ಬರುತ್ತದೆ.

ಪ್ರಶ್ನೆ: ಹೆಂಡತಿಯ ಪೂರ್ವಜರ ಸೇವಾ ಕಾರ್ಡಿನಲ್ಲಿ 1863ರಲ್ಲಿ ‘ಓಡಿಹೋದ’ ಎಂದಿದೆ, ದಕ್ಷಿಣದ ಅಶ್ವದಳದಿಂದ. ಅದೇ ಹೆಸರಿನ ಇನ್ನೊಬ್ಬ ಮರುವರ್ಷ ಉತ್ತರದವರ ಟೆನೆಸಿ ಅಶ್ವದಳದಲ್ಲಿದ್ದಾನೆ. ಇಬ್ಬರೂ ಬೇರೆಯವರೇ ಇರಬೇಕಲ್ಲವೇ? ಮನೆಯವರಿಗೆ ಓಡಿಹೋದ ವಿಷಯ ತಿಳಿಸಲು ಧೈರ್ಯವಾಗುತ್ತಿಲ್ಲ. – ನಾಕ್ಸ್‌ವಿಲ್, ಟೆನೆಸಿ

ಉತ್ತರ: ಒಬ್ಬನೇ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ನೀವಿರುವ ಪೂರ್ವ ಟೆನೆಸಿ ಗುಡ್ಡಗಾಡಿನಲ್ಲಿ ಒಕ್ಕೂಟದ ಪರ ಇದ್ದವರೇ ಹೆಚ್ಚು, ಆದರೆ ರಾಜ್ಯ ದಕ್ಷಿಣಕ್ಕೆ ಸೇರಿತ್ತು. 1862ರ ಏಪ್ರಿಲ್‌ನಲ್ಲಿ ದಕ್ಷಿಣದ ಸರ್ಕಾರ ಕಡ್ಡಾಯ ಸೇರ್ಪಡೆ ಕಾಯ್ದೆ ತಂದಿತು. ಮನಸ್ಸಿಲ್ಲದೆ ಸೇರಿದವರು, ಸಂದರ್ಭ ಸಿಕ್ಕಾಗ ಬೆಟ್ಟ ಹತ್ತಿ ಆಚೆ ಕಡೆ ಸೇರಿದವರು ಈ ಸೀಮೆಯಲ್ಲಿ ಬೇಕಾದಷ್ಟು. ಇತ್ತೀಚಿನ ಉದಾಹರಣೆಯೊಂದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅಂತರ್ಯುದ್ಧದ ಪೆನ್ಷನ್ ಪಡೆಯುತ್ತಿದ್ದ ಕೊನೆಯ ವ್ಯಕ್ತಿ ಐರೀನ್ ಟ್ರಿಪ್ಲೆಟ್ 2020ರಲ್ಲಿ ತೀರಿಕೊಂಡರು, ತಿಂಗಳಿಗೆ 73 ಡಾಲರ್ 13 ಸೆಂಟ್. ಅವರ ತಂದೆ ಮೋಸ್ ಟ್ರಿಪ್ಲೆಟ್ ಮೊದಲು ದಕ್ಷಿಣದ ಕಾಲಾಳು ಪಡೆಯಲ್ಲಿದ್ದು, 1863ರಲ್ಲಿ ಆಸ್ಪತ್ರೆಯಿಂದ ಓಡಿಹೋಗಿ, 1864ರಲ್ಲಿ ಉತ್ತರದವರ ಮೂರನೇ ನಾರ್ತ್ ಕ್ಯಾರೊಲಿನಾ ಸವಾರಿ ಪದಾತಿ ದಳ ಸೇರಿದವರು. ಹೋಗುವುದಕ್ಕೆ ಕುದುರೆ, ಕಾದಾಡುವುದಕ್ಕೆ ಕೆಳಗಿಳಿಯುವ ಪಡೆ ಅದು. ಓಡಿಹೋಗಿ ಆಚೆ ಸೇರಿದ್ದರಿಂದಲೇ ಆ ಮನೆಗೆ ವಾಷಿಂಗ್ಟನ್ನಿನ ಪೆನ್ಷನ್ ಬಂದದ್ದು.

ನೀವು ಮಾಡಬೇಕಾದ್ದು ಎರಡೂ ದಾಖಲೆಗಳ ಎತ್ತರ, ಕಣ್ಣಿನ ಬಣ್ಣ, ಹುಟ್ಟಿದ ಕೌಂಟಿ, ವಯಸ್ಸು ಹೋಲಿಸುವುದು. ದಕ್ಷಿಣದ ಕಾರ್ಡಿನಲ್ಲಿ ಚಹರೆ ಇಲ್ಲದಿರಬಹುದು. ದಕ್ಷಿಣದವರು ತಮ್ಮ ರಾಜಧಾನಿ ರಿಚ್‌ಮಂಡ್ ಬಿಡುವಾಗಿನ ಬೆಂಕಿಯಲ್ಲಿ ಎಷ್ಟೋ ಕಾಗದ ಹಾಳಾದವು. ಉತ್ತರದ ಪೆನ್ಷನ್ ಅರ್ಜಿ ಇದ್ದರೆ ಹಿಂದಿನ ಸೇವೆಯ ಬಗ್ಗೆ ಕೇಳಿರುವ ಸಾಧ್ಯತೆ ಹೆಚ್ಚು. ಅಜ್ಜ 1914ರ ತನಕ ಬದುಕಿದ್ದರೆ ಟೆನೆಸಿಯಲ್ಲಿ ಮಾತ್ರ ಸಿಗುವ ಒಂದು ನಿಧಿಯನ್ನೂ ನೋಡಿ: 1914–15ರಲ್ಲಿ, ಮತ್ತೆ 1922ರಲ್ಲಿ ರಾಜ್ಯ ಮಾಜಿ ಸೈನಿಕರಿಗೆ ಉದ್ದನೆಯ ಪ್ರಶ್ನಾವಳಿ ಕಳಿಸಿತು. ಎರಡೂ ಪಕ್ಷದ ಸುಮಾರು 1,650 ಮುದುಕರು ಉತ್ತರಿಸಿದರು. ಅಪ್ಪನಿಗೆ ಎಷ್ಟು ನೆಲವಿತ್ತು, ಮನೆ ಮರದ್ದೇ, ಗುಲಾಮರಿದ್ದವರು ಇಲ್ಲದವರ ಜತೆ ಬೆರೆಯುತ್ತಿದ್ದರೇ ಎಂಬಂಥ ಪ್ರಶ್ನೆಗಳು.

‘ಓಡಿಹೋದ’ ಎಂಬ ಪದಕ್ಕೆ ಹೆದರಬೇಡಿ. ಉತ್ತರದ ಸೇನೆಯಲ್ಲೇ ಆ ಷರಾ ಪಡೆದವರು ಸುಮಾರು ಎರಡು ಲಕ್ಷ. ಆಸ್ಪತ್ರೆಯಿಂದ ಕಾಗದ ಬರುವುದು ತಡವಾದರೂ ಗುಮಾಸ್ತ ಹಾಗೆ ಬರೆದುಬಿಡುತ್ತಿದ್ದ. ಅಂಥವನ್ನು ಅಳಿಸಲು 1880ರ ದಶಕದಲ್ಲಿ ಕಾಯ್ದೆಗಳನ್ನೇ ಮಾಡಬೇಕಾಯಿತು.

ಪ್ರಶ್ನೆ: ಅಮೆರಿಕದವರ ಮುತ್ತಜ್ಜನ ಕುದುರೆ ಕಟ್ಟಿಕೊಂಡು ನಮಗೇನಾಗಬೇಕು? – ಹುಬ್ಬಳ್ಳಿ

ಉತ್ತರ: ನಿಮ್ಮ ಮುತ್ತಜ್ಜ ಹತ್ತಿ ಬೆಳೆದಿದ್ದರೆ ಏನಾದರೂ ಆಗಿರುತ್ತದೆ. 1861ರಲ್ಲಿ ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿಸಿದಾಗ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಕಣ್ಣು ಬಿದ್ದದ್ದು ಭಾರತದ ಮೇಲೆ, ಅದರಲ್ಲೂ ಅಮೆರಿಕದ ತಳಿ ಆಗಲೇ ಬೇರೂರಿದ್ದ ನಿಮ್ಮ ಧಾರವಾಡ ಸೀಮೆಯ ಮೇಲೆ. ಬೆಲೆ ಏರಿತು. ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಕಾರವಾರ ಬಂದರು ಬೇಕೆಂದು ಬೊಂಬಾಯಿಯ ವ್ಯಾಪಾರಿಗಳು ಒತ್ತಾಯಿಸಿದರು, 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿದು, ಬೊಂಬಾಯಿಯ ಷೇರುಪೇಟೆಯೂ ಮಕಾಡೆ ಮಲಗಿತು. ನಿಮ್ಮ ಮನೆಯ ಹಳೆಯ ಸಾಲಪತ್ರ, ಖರೀದಿ ಪತ್ರಗಳಲ್ಲಿ 1862ರಿಂದ 66ರ ನಡುವಿನವು ಇದ್ದರೆ ತೆಗೆದು ನೋಡಿ, ನೆಲ ಕೊಂಡದ್ದು, ಮಾರಿದ್ದು ಯಾವ ವರ್ಷ ಎಂದು.

ಪ್ರಶ್ನೆ: ನನ್ನ ಹೆಂಡತಿ ಆಫ್ರಿಕನ್ ಅಮೆರಿಕನ್, ಕೆಂಟಕಿಯವಳು. ಅವಳ ಮುತ್ತಜ್ಜಿಯ ಅಜ್ಜ ಐದನೇ ಕಲರ್ಡ್ ಕ್ಯಾವಲ್ರಿಯಲ್ಲಿದ್ದ ಎಂದು ಮನೆಯಲ್ಲಿ ಹೇಳುತ್ತಾರೆ. 1870ರ ಗಣತಿಯ ವರೆಗೆ ಬಂದು ನಿಂತುಬಿಟ್ಟಿದ್ದೇವೆ. ಅದರ ಹಿಂದೆ ಹೋಗಲು ಸಾಧ್ಯವೇ ಇಲ್ಲವೇ? – ಲೂಯಿವಿಲ್

ಉತ್ತರ: 1870ರ ಗೋಡೆಗೆ ತಲೆ ಚಚ್ಚಿಕೊಳ್ಳದವರು ಆ ಸಮುದಾಯದಲ್ಲಿ ಯಾರೂ ಇಲ್ಲ. ಗುಲಾಮರಾಗಿದ್ದವರೆಲ್ಲರ ಹೆಸರು ಬರೆದ ಮೊದಲ ಗಣತಿ ಅದು. ಆ ಗೋಡೆಯಲ್ಲಿ ಬಾಗಿಲಿರುವುದು ಸೈನಿಕರಿದ್ದ ಮನೆಗಳಿಗೆ, ನಿಮಗೆ ಅದೃಷ್ಟವಿದೆ.

ಐದನೇ ಕಲರ್ಡ್ ಅಶ್ವದಳ ಕಟ್ಟಿದ್ದು 1864ರಲ್ಲಿ, ಕೆಂಟಕಿಯ ಕ್ಯಾಂಪ್ ನೆಲ್ಸನ್‌ನಲ್ಲಿ. ಕೆಂಟಕಿ ಒಕ್ಕೂಟದಲ್ಲೇ ಉಳಿದಿದ್ದರಿಂದ ಲಿಂಕನ್ನರ ವಿಮೋಚನಾ ಘೋಷಣೆ ಅಲ್ಲಿಗೆ ಅನ್ವಯವಾಗಿರಲಿಲ್ಲ. ಸೇನೆಗೆ ಸೇರುವುದೇ ಗಂಡಸಿಗೆ ಬಿಡುಗಡೆಯ ದಾರಿ. ನಿಷ್ಠಾವಂತ ಒಡೆಯ 300 ಡಾಲರ್ ವರೆಗೆ ಪರಿಹಾರ ಕೇಳಬಹುದಿತ್ತು. ಆದ್ದರಿಂದಲೇ ಸೇವಾ ದಾಖಲೆಯಲ್ಲಿ, ಕೆಲವೊಮ್ಮೆ ಅದರೊಳಗೆ ಮಡಚಿಟ್ಟ ಪತ್ರಗಳಲ್ಲಿ, ಒಡೆಯನ ಹೆಸರು ಸಿಗುತ್ತದೆ. ಓದಲು ಕಹಿ, ಆದರೆ ಅದೇ ಕೀಲಿಕೈ. ಒಡೆಯನ ಹೆಸರು ಸಿಕ್ಕರೆ ಆ ಕೌಂಟಿಯ ಕೋರ್ಟಿನಲ್ಲಿ ಅವನ ಉಯಿಲು, ಆಸ್ತಿಪಟ್ಟಿ, ಅಡಮಾನ ಪತ್ರಗಳನ್ನು ನೋಡಿ. ಗುಲಾಮರ ಹೆಸರು ಅಲ್ಲಿ ದನಕರುಗಳ ಜತೆಯಲ್ಲಿ, ಬೆಲೆಯ ಸಮೇತ ಇರುತ್ತದೆ. ತಾಯಿ ಮಕ್ಕಳನ್ನು ಒಟ್ಟಿಗೆ ಬರೆದಿದ್ದರೆ ನಿಮಗೆ ಇನ್ನೊಂದು ತಲೆಮಾರು ದಕ್ಕಿತು.

ಒಂದು ತಾರೀಖಿನ ಬಗ್ಗೆ ಎಚ್ಚರ. ಈ ದಳ ವಿಧಿಪೂರ್ವಕವಾಗಿ ಸೇನೆಯ ಲೆಕ್ಕಕ್ಕೆ ಬಂದದ್ದು 1864ರ ಅಕ್ಟೋಬರ್ ಕೊನೆಯಲ್ಲಿ. ಅಷ್ಟರೊಳಗೆ, ಅಕ್ಟೋಬರ್ 2ರಂದು, ವರ್ಜೀನಿಯಾದ ಸಾಲ್ಟ್‌ವಿಲ್ ಉಪ್ಪಿನ ಕಾರ್ಖಾನೆಗಳ ಮೇಲಿನ ದಾಳಿಗೆ ಅವರನ್ನು ಕರೆದೊಯ್ದಾಗಿತ್ತು. ದಾರಿಯುದ್ದಕ್ಕೂ ಜತೆಯ ಬಿಳಿಯ ಸೈನಿಕರು ಅವರ ಟೊಪ್ಪಿಗೆ ಕಿತ್ತು ಅಣಕಿಸಿದರು, ಕಾಳಗದ ನಂತರ ಆ ಅಣಕ ನಿಂತಿತು ಎಂದು ಅವರ ಅಧಿಕಾರಿಯೇ ವರದಿ ಬರೆದಿದ್ದಾರೆ. ಮರುದಿನ, ಹಿಂದೆ ಬಿಟ್ಟುಬಂದ ಗಾಯಾಳುಗಳನ್ನು ದಕ್ಷಿಣದವರು ಹುಡುಕಿ ಕೊಂದರು. ಹೀಗಾಗಿ ದಾಖಲೆಯಲ್ಲಿ ಸೇರಿದ ತಾರೀಖಿಗೂ ಗಾಯಗೊಂಡ ತಾರೀಖಿಗೂ ಹೊಂದದಿದ್ದರೆ ‘ತಪ್ಪು’ ಎಂದು ಪಕ್ಕಕ್ಕಿಡಬೇಡಿ.

ಇಲ್ಲಿಯೂ ನನ್ನ ಹಳೆಯ ಮಾತೇ: ಪೆನ್ಷನ್ ಕಡತ, ಅದರಲ್ಲೂ ವಿಧವೆಯದ್ದು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ, ಸರ್ಟಿಫಿಕೇಟ್ ಎಲ್ಲಿಂದ ತರುವುದು? ಆದ್ದರಿಂದ ಜತೆಯಲ್ಲಿ ದುಡಿದವರು, ಹೆರಿಗೆ ಮಾಡಿಸಿದವಳು, ಒಮ್ಮೊಮ್ಮೆ ಒಡೆಯನ ಮನೆಯವರೇ ಬಂದು ಸಾಕ್ಷಿ ಹೇಳಬೇಕಾಯಿತು. ಯಾವ ತೋಟದಲ್ಲಿ ಒಟ್ಟಿಗಿದ್ದರು, ಯಾರನ್ನು ಎಲ್ಲಿಗೆ ಮಾರಿದರು, ಎಲ್ಲ ಅದರಲ್ಲಿ ಬಂದಿರುತ್ತದೆ. ಬಿಡುಗಡೆಯ ನಂತರ ಮನೆತನದ ಹೆಸರು ಬದಲಿಸಿಕೊಂಡವರು ಬಹಳ, ಎರಡೂ ಹೆಸರಿನಲ್ಲಿ ಹುಡುಕಿ. 1865ರಲ್ಲಿ ಶುರುವಾದ ಫ್ರೀಡ್‌ಮನ್ಸ್ ಬ್ಯಾಂಕಿಗೆ ನಿಮ್ಮ ಲೂಯಿವಿಲ್‌ನಲ್ಲೂ ಲೆಕ್ಸಿಂಗ್ಟನ್‌ನಲ್ಲೂ ಶಾಖೆಗಳಿದ್ದವು. ಬ್ಯಾಂಕು ಮುಳುಗಿತು, ಜನರ ಉಳಿತಾಯವೂ ಮುಳುಗಿತು. ಖಾತೆ ತೆರೆದವರ ತಂದೆತಾಯಿ, ಒಡಹುಟ್ಟಿದವರ ಹೆಸರಿರುವ ಪುಸ್ತಕಗಳು ಉಳಿದಿವೆ. ಕ್ಯಾಂಪ್ ನೆಲ್ಸನ್ 2018ರಿಂದ ರಾಷ್ಟ್ರೀಯ ಸ್ಮಾರಕ, ಲೂಯಿವಿಲ್‌ನಿಂದ ಬೆಳಿಗ್ಗೆ ಹೊರಟು ಸಂಜೆಗೆ ವಾಪಸಾಗಬಹುದು. ಸೈನಿಕರ ಹೆಂಡತಿ ಮಕ್ಕಳನ್ನು 1864ರ ನವೆಂಬರ್ ಚಳಿಯಲ್ಲಿ ಆ ಶಿಬಿರದಿಂದ ಹೊರಹಾಕಿದ್ದರು, ಎಷ್ಟೋ ಜನ ಸತ್ತರು. ಅದರ ಗದ್ದಲ ವಾಷಿಂಗ್ಟನ್ ಮುಟ್ಟಿ, 1865ರ ಮಾರ್ಚ್‌ನಲ್ಲಿ ಸೈನಿಕರ ಹೆಂಡತಿ ಮಕ್ಕಳನ್ನೂ ಬಿಡುಗಡೆ ಮಾಡುವ ಕಾಯ್ದೆಯಾಯಿತು. ನಿಮ್ಮ ಹೆಂಡತಿಯ ಮನೆಯ ಅಜ್ಜಿ ಆ ಕಾಯ್ದೆಯಿಂದಲೇ ಬಿಡುಗಡೆಯಾಗಿರಬಹುದು. ಕಡತ ಬಂದ ಮೇಲೆ ಮದುವೆಯ ವರ್ಷ ನೋಡಿ ನನಗೆ ಬರೆಯಿರಿ.

ಪ್ರಶ್ನೆ: ನಮ್ಮ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು, ಮೊದಲ ಮಹಾಯುದ್ಧದಲ್ಲಿ ಹೈಫಾಕ್ಕೆ ಹೋಗಿದ್ದರು ಎನ್ನುತ್ತಾರೆ. ಅವರಿಗೂ ಇಂಥ ಕಡತ ಸಿಗುತ್ತದೆಯೇ? – ಬೆಂಗಳೂರು

ಉತ್ತರ: ಇಷ್ಟು ದಪ್ಪದ್ದನ್ನು ನಿರೀಕ್ಷಿಸಬೇಡಿ. ಮೈಸೂರು ಲ್ಯಾನ್ಸರ್ಸ್ ಸಂಸ್ಥಾನದ ಪಡೆ, ಬ್ರಿಟಿಷ್ ಇಂಡಿಯಾದ ಸೇನೆಯದ್ದಲ್ಲ. ಆದ್ದರಿಂದ ಲಂಡನ್ನಿಗೆ ಬರೆಯುವ ಮೊದಲು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಸೈನ್ಯ ಇಲಾಖೆಯ ಕಡತಗಳನ್ನು ಕೇಳಿ. ಹೈಫಾದಲ್ಲೇ ಮಡಿದವರಾಗಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯನ್ನು ಮನೆಯಲ್ಲೇ ಕೂತು ನೋಡಬಹುದು. ಮೇಲೆ ನ್ಯೂಜೆರ್ಸಿಯವರಿಗೆ ಹೇಳಿದ್ದು ನಿಮಗೂ ಸಲ್ಲುತ್ತದೆ: 1918ರ ಸೆಪ್ಟೆಂಬರ್ 23ರಂದು ಊರಿಗೆ ನುಗ್ಗಿದ್ದು ಮುಖ್ಯವಾಗಿ ಜೋಧಪುರದವರು, ಮೈಸೂರಿನವರ ಪಾಲಿಗೆ ಬಂದದ್ದು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳು. ಮನೆಯಲ್ಲಿ ಪದಕ ಇದ್ದರೆ ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ; ಸಂಖ್ಯೆ, ಹುದ್ದೆ, ಹೆಸರು ಕೊರೆದಿರುತ್ತಾರೆ. ಬ್ರಾಸ್ಸೊ ಹಾಕಿ ಉಜ್ಜಬೇಡಿ.